ಘಾಟಿಯ ಮಳೆ-ಮಂಜಿಗೆ ಎಲ್‌ಇಡಿ ಹೆಡ್‌ಲೈಟಾ, ಫಾಗ್ ಲ್ಯಾಂಪಾ? ಜೆ.ಸಿ. ರಸ್ತೆಯವರು ಹೇಳಿದ್ದು ಸರಿಯಾ?

ಉಜಿರೆ_ಬೆಂಗಳೂರು
ನನ್ನದು ಏಳು ವರ್ಷ ಹಳೆಯ ಹ್ಯಾಚ್‌ಬ್ಯಾಕ್, ಟಾಪ್ ಮಾಡೆಲ್ ಅಲ್ಲ. ಎಚ್4 ಹ್ಯಾಲೊಜೆನ್ ಬಲ್ಬ್, ಸಾದಾ ರಿಫ್ಲೆಕ್ಟರ್. ಬಂಪರ್‌ನಲ್ಲಿ ಫಾಗ್ ಲ್ಯಾಂಪ್ ಇರಬೇಕಾದ ಜಾಗಕ್ಕೆ ಕರಿ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೊಟ್ಟಿದ್ದಾರೆ. ಶುಕ್ರವಾರ ಕೆಲಸ ಮುಗಿಸಿ ಹಾಸನ, ಬೇಲೂರು, ಮೂಡಿಗೆರೆ ಮೇಲೆ ಊರಿಗೆ ಹೊರಟರೆ ಚಾರ್ಮಾಡಿ ಇಳಿಯುವಾಗ ರಾತ್ರಿ ಆಗಿಯೇ ಇರುತ್ತದೆ. ಮಳೆಗಾಲದಲ್ಲಂತೂ ರಸ್ತೆ ಅಂಚಿನ ಬಿಳಿ ಗೆರೆ ಕೂಡ ಕಾಣುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಕಾರ್ ಬಿಡಿಭಾಗದ ಅಂಗಡಿಯವರು "130 ವ್ಯಾಟ್ ಎಲ್‌ಇಡಿ, 6000 ಕೆಲ್ವಿನ್ ಬಿಳಿ ಬೆಳಕು, ಜತೆಗೆ ಎಲ್‌ಇಡಿ ಫಾಗ್, ಅರ್ಧ ಗಂಟೆ ಕೆಲಸ" ಅಂದರು. ಎರಡು ಅಂಗಡಿ ಆಚೆ ಇನ್ನೊಬ್ಬರು "ಅದೆಲ್ಲ ಬೇಡ, 100/90 ವ್ಯಾಟ್ ಹ್ಯಾಲೊಜೆನ್ (ಹೈ ಬೀಮ್‌ಗೆ 100, ಲೋ ಬೀಮ್‌ಗೆ 90) ಹಾಕಿ, ರಿಲೇ ಕಿಟ್ ಕೊಡುತ್ತೇನೆ" ಅಂದರು. ಯಾರ ಮಾತು ಕೇಳಲಿ? ಪೊಲೀಸರ ಕಾಟ ಇರುತ್ತದಾ?

ಜಯನಗರ_ಗೇರ್
ಎಲ್‌ಇಡಿ ಹಾಕಿಸಿ ಮುಗಿಸಿ ಗುರು. ನಾನು ಹಾಕಿಸಿ ಎರಡು ವರ್ಷ ಆಯ್ತು, ಒಂದು ತೊಂದರೆ ಇಲ್ಲ. ಹಗಲಿನ ಥರ ಕಾಣಿಸುತ್ತದೆ.

ಹಳೇ_ಸ್ಟೇರಿಂಗ್
ನಿಮಗೆ ಹಗಲು. ಎದುರಿನಿಂದ ಬರುವವನಿಗೆ?

ಜಯನಗರ_ಗೇರ್
ಲೋ ಬೀಮ್‌ನಲ್ಲೇ ಓಡಿಸುತ್ತೇನೆ ಸಾರ್. ಯಾರೂ ಡಿಪ್ಪರ್ ಹೊಡೆದು ಬೈದಿಲ್ಲ.

ಹಳೇ_ಸ್ಟೇರಿಂಗ್
ಹೊಡೆಯುವುದಕ್ಕೆ ಅವರಿಗೆ ಕಣ್ಣು ಕಾಣಿಸಬೇಕಲ್ಲ.

ರಿಲೇ_ಹಾಸನ
ನಾನು ಆಟೋ ಎಲೆಕ್ಟ್ರಿಷಿಯನ್. ಈ ಎರಡೂ ಅಂಗಡಿಯವರು ನಿಮ್ಮ ಕಾರಿನ ಬಾನೆಟ್ ತೆಗೆದು ನೋಡಿದರಾ? ನೋಡಿರಲಿಕ್ಕಿಲ್ಲ.

ಏಳು ವರ್ಷದ ಕಾರು ಅಂದರೆ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಎಂಜಿನ್ ಚಾಲೂ ಮಾಡಿ, ಲೈಟ್ ಹಾಕಿ, ಬ್ಯಾಟರಿ ಮೇಲೆ ಎಷ್ಟು ವೋಲ್ಟ್ ಇದೆ ನೋಡಿ. ಆಮೇಲೆ ಬಲ್ಬ್ ಹೋಲ್ಡರ್‌ನ ಹಿಂಭಾಗದಲ್ಲಿ, ಬಲ್ಬ್ ಉರಿಯುತ್ತಿರುವಾಗಲೇ ನೋಡಿ. ಬ್ಯಾಟರಿಯಲ್ಲಿ 13.8 ಇದ್ದು ಹೋಲ್ಡರ್‌ನಲ್ಲಿ 12.4 ಬಂತು ಅಂದುಕೊಳ್ಳಿ. ಹತ್ತು ಪರ್ಸೆಂಟ್ ತಾನೇ ಅನಿಸುತ್ತದೆ. ಆದರೆ ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಫಿಲಮೆಂಟ್ ಬಿಸಿ ಕಡಿಮೆಯಾದಷ್ಟೂ ಬೆಳಕು ಹಳದಿಗೆ ತಿರುಗುತ್ತದೆ. "ಕಂಪನಿ ಲೈಟೇ ಸರಿ ಇಲ್ಲ" ಎಂದು ನನ್ನ ಬಳಿ ಬರುವ ಹಳೇ ಗಾಡಿಗಳಲ್ಲಿ ಮುಕ್ಕಾಲು ಪಾಲು ಇದೇ ಕಥೆ. ಸ್ವಿಚ್ ಸವೆದಿರುತ್ತದೆ, ಇಲ್ಲವೇ ಬಾಡಿ ಅರ್ಥ್‌ಗೆ ತುಕ್ಕು ಹಿಡಿದಿರುತ್ತದೆ.

ರಿಲೇ ಕಿಟ್ ಅನ್ನುವುದು ಒಳ್ಳೆಯ ಮಾತೇ. ಬ್ಯಾಟರಿಯಿಂದ ಬಲ್ಬ್‌ಗೆ ನೇರವಾಗಿ ಕರೆಂಟ್ ಕೊಡುತ್ತದೆ, ಹಳೇ ಸ್ವಿಚ್ ಮೇಲೆ ಹೊರೆ ಬೀಳುವುದಿಲ್ಲ. ಆದರೆ 100/90 ಜತೆಗೆ ಅಲ್ಲ, ನಿಮ್ಮದೇ 60/55 ಜತೆಗೆ.

ಸುಳ್ಯ_ಸಂಪಾಜೆ
ಕಣ್ಣಾಡಿ ಹೇಗಿದೆ ಮಾರಾಯ್ರೆ, ಅದನ್ನು ಯಾರೂ ಕೇಳಲಿಲ್ಲ! ಹೆಡ್‌ಲೈಟ್‌ನ ಹೊರಗಿನದ್ದು ಗಾಜಲ್ಲ, ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯದ್ದು ಏಳು ವರ್ಷಕ್ಕೆ ಹಳದಿ ಮಬ್ಬಾಗಿರುತ್ತದೆ. ಅದರೊಳಗೆ ಯಾವ ಬಲ್ಬ್ ಹಾಕಿದರೂ ಅಷ್ಟೇ. ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್ 800ರಿಂದ ಶುರು ಮಾಡಿ 2000, 3000 ತನಕ ಹೋಗಿ ಪಾಲಿಶ್ ಮಾಡಿಸಿ, ಮೇಲೆ ಯುವಿ ಕೋಟಿಂಗ್ ಕೊಡಿಸಿ. ಕೋಟಿಂಗ್ ಬಿಟ್ಟರೆ ಮುಂದಿನ ಬೇಸಿಗೆಗೆ ಮತ್ತೆ ಮಬ್ಬು.

ಜಯನಗರ_ಗೇರ್
ಟೂತ್‌ಪೇಸ್ಟ್ ಹಾಕಿ ಉಜ್ಜಿದರೂ ಆಗುತ್ತದೆ.

ಸುಳ್ಯ_ಸಂಪಾಜೆ
ಆಗುತ್ತದೆ, ಒಂದು ತಿಂಗಳು.

ಹುಬ್ಬಳ್ಳಿ_ಬೈಪಾಸ್
100/90 ಬಗ್ಗೆ ಯಾಕೆ ಬೇಡ ಅಂತೀರಿ ರೀ? ನಮ್ಮ ಕಡೆ ಜೀಪಿಗೆಲ್ಲ ಅದೇ ಹಾಕುತ್ತಾರೆ.

ರಿಲೇ_ಹಾಸನ
ಹಾಕುತ್ತಾರೆ. ಆ ಜೀಪಿನಲ್ಲಿ ಹಳೇ ಲೋಹದ ರಿಫ್ಲೆಕ್ಟರ್, ಮುಂದೆ ನಿಜವಾದ ಗಾಜು, ಬಿಸಿ ತಡೆಯುತ್ತದೆ. ಈಗಿನ ಕಾರಿನಲ್ಲಿ ರಿಫ್ಲೆಕ್ಟರ್ ಕೂಡ ಪ್ಲಾಸ್ಟಿಕ್, ಮೇಲೆ ತೆಳ್ಳಗೆ ಅಲ್ಯೂಮಿನಿಯಂ ಲೇಪ. ಬಿಸಿಗೆ ಲೇಪ ಸುಟ್ಟು ಬೂದುಬಣ್ಣ ಆಗುತ್ತದೆ, ಹೋಲ್ಡರ್ ಕರಗುತ್ತದೆ. ಲೆಕ್ಕ ಹಾಕಿ: 60 ವ್ಯಾಟ್‌ಗೆ 12 ವೋಲ್ಟ್‌ನಲ್ಲಿ 5 ಆಂಪಿಯರ್. 100 ವ್ಯಾಟ್‌ಗೆ 8ರ ಮೇಲೆ. ಎರಡೂ ಬಲ್ಬ್ ಸೇರಿದರೆ 16-17 ಆಂಪಿಯರ್. ಕಂಪನಿ ವೈರ್ ಅಷ್ಟಕ್ಕೆ ಹಾಕಿದ್ದಲ್ಲ. ಅಷ್ಟೇ ಅಲ್ಲ, 100/90 ರಸ್ತೆಗೆ ಕಾನೂನು ಪ್ರಕಾರವೂ ಅಲ್ಲ.

ಜಾಸ್ತಿ ಬೆಳಕು ಬೇಕೇ ಬೇಕು ಅಂದರೆ ಅದೇ 60/55 ವ್ಯಾಟ್‌ನಲ್ಲಿ ಓಸ್ರಾಂ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ಥರದ ಬಲ್ಬ್ ಸಿಗುತ್ತವೆ. ಕರೆಂಟ್ ಅಷ್ಟೇ ತಿನ್ನುತ್ತವೆ, ದೂರಕ್ಕೆ ಬೆಳಕು ಜಾಸ್ತಿ. ಆಯಸ್ಸು ಕಡಿಮೆ, ಬೇಗ ಹೋಗುತ್ತವೆ. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಬೇಡಿ, ಕೈಯ ಜಿಡ್ಡು ತಾಗಿದ ಜಾಗ ಅತಿಯಾಗಿ ಕಾದು ಬಲ್ಬ್ ಹೋಗುತ್ತದೆ.

ಬೆಳಕಿನ_ಮೇಷ್ಟ್ರು
ಎಲ್‌ಇಡಿ ವಿಷಯಕ್ಕೆ ಬರೋಣ. ಎಚ್4 ಬಲ್ಬ್ ಒಳಗೆ ಎರಡು ಫಿಲಮೆಂಟ್. ಲೋ ಬೀಮ್ ಫಿಲಮೆಂಟ್ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಅದು ರಿಫ್ಲೆಕ್ಟರ್‌ನ ಕೆಳಭಾಗಕ್ಕೆ ಬೆಳಕು ಬೀಳದ ಹಾಗೆ ಮರೆ ಮಾಡುತ್ತದೆ. ಗೋಡೆ ಮೇಲೆ ಬೆಳಕು-ಕತ್ತಲೆಯ ಗೆರೆ ಸ್ಪಷ್ಟವಾಗಿ ಬರುವುದು ಅದರಿಂದಲೇ. ಆ ರಿಫ್ಲೆಕ್ಟರ್‌ನ ಒಂದೊಂದು ಬಾಗನ್ನೂ ಫಿಲಮೆಂಟ್ ಇರುವ ಆ ಒಂದು ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಎಲ್ಲೆಲ್ಲೋ ಹೋಗುತ್ತದೆ.

ಎಲ್‌ಇಡಿ ಬಲ್ಬ್‌ನಲ್ಲಿ ಫಿಲಮೆಂಟ್ ಇಲ್ಲ. ಒಂದು ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಪಟ್ಟಿ ದಪ್ಪ ಇದ್ದರೆ ಎರಡೂ ಚಿಪ್ ಸರಿಯಾದ ಜಾಗದಲ್ಲಿ ಇರಲು ಸಾಧ್ಯವೇ ಇಲ್ಲ. ಒಟ್ಟು ಬೆಳಕು ಜಾಸ್ತಿ ಇರಬಹುದು, ಆದರೆ ಅದು ಮರದ ಮೇಲೆ, ಎದುರಿನವನ ಕಣ್ಣಿಗೆ, ನಿಮ್ಮ ಬಾನೆಟ್ ಮುಂದಿನ ನಾಲ್ಕು ಮಾರು ರಸ್ತೆಗೆ ಬೀಳುತ್ತದೆ. ಆ ನಾಲ್ಕು ಮಾರು ಝಗಮಗಿಸಿದಾಗ ನಿಮ್ಮ ಪಾಪೆ ಕುಗ್ಗುತ್ತದೆ, ದೂರದ್ದು ಇನ್ನೂ ಕಪ್ಪಾಗುತ್ತದೆ. "ಹಗಲಿನ ಥರ" ಅನಿಸುವುದು ಇದಕ್ಕೇ.

ಜಯನಗರ_ಗೇರ್
ಮೇಷ್ಟ್ರೇ, ಒಪ್ಪಿದೆ. ಆದರೆ ಈಗಿನ ಹೊಸ ಕಾರುಗಳಲ್ಲಿ ಕಂಪನಿಯವರೇ ಎಲ್‌ಇಡಿ ಕೊಡುತ್ತಾರಲ್ಲ?

ಬೆಳಕಿನ_ಮೇಷ್ಟ್ರು
ಅವರು ರಿಫ್ಲೆಕ್ಟರನ್ನೋ ಪ್ರೊಜೆಕ್ಟರನ್ನೋ (ಮುಂದೆ ಉಬ್ಬು ಲೆನ್ಸ್ ಇರುವುದು) ಎಲ್‌ಇಡಿಗೆ ಅಂತಲೇ ಮಾಡಿರುತ್ತಾರೆ. ನೀವು ಮಾಡಿದ್ದು ಬಲ್ಬ್ ಮಾತ್ರ ಬದಲಿಸಿದ್ದು. ಅಳತೆ ಬೇರೆಯವರದ್ದು, ಅಂಗಿ ನಿಮ್ಮದು.

ರಿಲೇ_ಹಾಸನ
ಮತ್ತೆ ಆ 130 ವ್ಯಾಟ್ ಶುದ್ಧ ಸುಳ್ಳು. ಮೀಟರ್ ಹಾಕಿ ನೋಡಿ, ಸಾಮಾನ್ಯವಾಗಿ ಒಂದು ಬಲ್ಬ್ 2 ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಂದರೆ 25-30 ವ್ಯಾಟ್. 130 ವ್ಯಾಟ್ ಎಲ್‌ಇಡಿಯ ಬಿಸಿಯನ್ನು ಆ ಬೆರಳುದ್ದದ ಫ್ಯಾನ್ ತಡೆಯುವುದಿಲ್ಲ.

ಬಾಗಲಕೋಟೆ_ಕಬ್ಬು
ನಮ್ಮ ಕಡೆಯ ಕಷ್ಟ ಕೇಳಿ. ಕಬ್ಬಿನ ಸೀಸನ್‌ನಲ್ಲಿ ಮುಧೋಳ, ಜಮಖಂಡಿ ರಸ್ತೆ ತುಂಬ ಟ್ರ್ಯಾಕ್ಟರ್. ಒಂದು ಎಂಜಿನ್‌ಗೆ ಎರಡು ಟ್ರಾಲಿ. ಹಿಂದೆ ಕೆಂಪು ಲೈಟ್ ಇಲ್ಲ, ರಿಫ್ಲೆಕ್ಟರ್ ಪಟ್ಟಿ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಎದುರಿನಿಂದ ಒಬ್ಬ ಈ ಬಿಳಿ ಎಲ್‌ಇಡಿ ಹಾಕಿಕೊಂಡು ಬಂದರೆ ನಮ್ಮ ಮುಂದಿನ ಟ್ರಾಲಿ ಪೂರ್ತಿ ಮಾಯ. ಅವನು ದಾಟಿ ಹೋದ ಮೇಲೂ ನಾಲ್ಕೈದು ಸೆಕೆಂಡ್ ಕಣ್ಣು ಬರುವುದಿಲ್ಲ. 60ರಲ್ಲಿ ಹೋಗುತ್ತಿದ್ದರೆ ನಾಲ್ಕು ಸೆಕೆಂಡ್‌ಗೆ ಅರವತ್ತು ಮೀಟರ್ ದಾಟಿರುತ್ತೀರಿ, ಕುರುಡಾಗಿ. ಬೆಂಗಳೂರಿನವರು ಬೀದಿ ದೀಪದ ಕೆಳಗೆ ಓಡಿಸಿ "ತೊಂದರೆ ಇಲ್ಲ" ಅನ್ನುತ್ತಾರೆ.

ಜಯನಗರ_ಗೇರ್
ಟ್ರಾಲಿಗೆ ಲೈಟ್ ಹಾಕಿಸದೇ ಇರುವುದು ನನ್ನ ತಪ್ಪಾ ಅಣ್ಣ?

ಬಾಗಲಕೋಟೆ_ಕಬ್ಬು
ಅದು ಅವರ ತಪ್ಪು. ಇದು ನಿಮ್ಮದು. ಸಾಯುವವನು ಮೂರನೆಯವನು.

ಖಾಕಿ_ಅಲ್ಲ_ಕರಿಕೋಟು
ಕಾನೂನು ಕೇಳಿದ್ದರಲ್ಲ, ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ, ಅನುಮತಿ ಇಲ್ಲದೆ ಬದಲಾವಣೆ ಮಾಡಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಷ್ಟು ದೂರ ಹೋಗುವುದು ಅಪರೂಪ. ರಸ್ತೆಯಲ್ಲಿ ಸಾಮಾನ್ಯವಾಗಿ ಹಾಕುವುದು 177, ಮೊದಲ ಸಲ 500.

2024ರ ಜುಲೈನಿಂದ ಕರ್ನಾಟಕ ಪೊಲೀಸರು ರಾಜ್ಯಾದ್ಯಂತ ಕಣ್ಣು ಕೋರೈಸುವ ಎಲ್‌ಇಡಿ ಮೇಲೆ ಕೇಸ್ ಹಾಕಲು ಶುರು ಮಾಡಿದ್ದು ನೆನಪಿದೆಯಲ್ಲ?

ಹುಬ್ಬಳ್ಳಿ_ಬೈಪಾಸ್
ನೆನಪಿಲ್ಲದೆ ಏನು. ನನಗೆ ಅಡ್ಡ ಹಾಕಿದವರ ಜೀಪಿನ ಲೈಟೇ ನನ್ನ ಕಣ್ಣು ಕುಕ್ಕುತ್ತಿತ್ತು. ಹೇಳಲಿಲ್ಲ, ಸುಮ್ನೆ ಯಾಕೆ ಅಂತ.

ಹಳೇ_ಸ್ಟೇರಿಂಗ್
ಹಿಂದೆಲ್ಲ ಹೆಡ್‌ಲೈಟ್ ನಡುವೆ ಒಂದು ಕರಿ ಬೊಟ್ಟು ಇಡುತ್ತಿದ್ದರು, ಯಾರಿಗಾದರೂ ನೆನಪಿದೆಯಾ? ಲಾರಿಗಳಿಗೆ ಮೇಲಿನ ಅರ್ಧಕ್ಕೇ ಕಪ್ಪು ಬಳಿಯುತ್ತಿದ್ದರು. ಎಫ್‌ಸಿಗೆ ಹೋಗುವ ದಿನ ಪೇಂಟ್ ಡಬ್ಬಿ ಹಿಡಿದು ಆರ್‌ಟಿಓ ಗೇಟ್ ಮುಂದೆ ಒಬ್ಬ ಕೂತಿರುತ್ತಿದ್ದ.

ಸುಳ್ಯ_ಸಂಪಾಜೆ
ನಮ್ಮ ತಂದೆಯ ಅಂಬಾಸಿಡರ್‌ಗೆ ಇತ್ತು. ಬೊಟ್ಟಿನಿಂದ ಏನು ಪ್ರಯೋಜನವೋ ದೇವರಿಗೇ ಗೊತ್ತು.

ಸ್ಟುಟ್‌ಗಾರ್ಟ್_ಕನ್ನಡಿಗ
ಜರ್ಮನಿಯಲ್ಲಿ ಹೇಗಿದೆ ಹೇಳುತ್ತೇನೆ. ಇಲ್ಲೂ ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಬಲ್ಬ್ ಪೂರ್ತಿ ನಿಷೇಧ ಇತ್ತು. 2020ರಲ್ಲಿ ಮೊದಲ ಸಲ ಓಸ್ರಾಂ ಬಲ್ಬ್‌ಗೆ ಒಪ್ಪಿಗೆ ಸಿಕ್ಕಿತು, ಆಮೇಲೆ ಫಿಲಿಪ್ಸ್‌ಗೆ. ಆದರೆ ಎಲ್ಲ ಕಾರಿಗೂ ಅಲ್ಲ. ಯಾವ ಮಾಡೆಲ್‌ನ ಯಾವ ಹೆಡ್‌ಲೈಟ್‌ನಲ್ಲಿ ಪರೀಕ್ಷೆ ಆಗಿದೆಯೋ ಅದಕ್ಕೆ ಮಾತ್ರ. ಪಟ್ಟಿಯಲ್ಲಿ ನಿಮ್ಮ ಕಾರು ಇಲ್ಲದಿದ್ದರೆ ಇಲ್ಲ, ಅಷ್ಟೇ. ಎರಡು ವರ್ಷಕ್ಕೊಮ್ಮೆ ಆಗುವ ಟ್ಯೂಫ್ ತಪಾಸಣೆಯಲ್ಲಿ ಹೆಡ್‌ಲೈಟ್ ಎತ್ತರವನ್ನೂ ಅಳೆಯುತ್ತಾರೆ.

ಇನ್ನೊಂದು. ಇಲ್ಲಿ ಹಿಂದಿನ ಫಾಗ್ ಲೈಟ್ ಹಾಕಬೇಕಾದರೆ ಮಂಜಿನಲ್ಲಿ 50 ಮೀಟರ್‌ಗಿಂತ ಕಡಿಮೆ ಕಾಣಿಸುತ್ತಿರಬೇಕು. ಆಗ ವೇಗವೂ 50 ಕಿಲೋಮೀಟರ್ ಮೀರಬಾರದು. ಬೆಂಗಳೂರಿಗೆ ಬಂದಾಗ ಬೇಸಿಗೆಯಲ್ಲೂ ಫಾಗ್ ಉರಿಸಿಕೊಂಡು ಹೋಗುವವರನ್ನು ನೋಡಿ ನಗು ಬರುತ್ತದೆ.

ಜಯನಗರ_ಗೇರ್
ಜರ್ಮನಿ ಕಥೆ ಜರ್ಮನಿಯಲ್ಲಿ. ಅಲ್ಲಿ ಚಾರ್ಮಾಡಿ ಇದೆಯಾ?

ಸ್ಟುಟ್‌ಗಾರ್ಟ್_ಕನ್ನಡಿಗ
ಚಾರ್ಮಾಡಿ ಇಲ್ಲ, ಮಂಜಿಗೇನೂ ಕೊರತೆ ಇಲ್ಲ. ಕೊಟ್ಟಿಗೆಹಾರದ ನೀರ್ ದೋಸೆ ಮಾತ್ರ ಇಲ್ಲಿ ಇಲ್ಲ.

ಸುಳ್ಯ_ಸಂಪಾಜೆ
ನೀರ್ ದೋಸೆ ತಿನ್ನಲು ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಯಾಕೆ? ಕೆಳಗೆ ಬನ್ನಿ, ಎಲ್ಲರ ಮನೆಯಲ್ಲೂ ಇದೆ.

ಮೂಡಿಗೆರೆ_ಎಸ್ಟೇಟ್
ದೋಸೆ ಜಗಳ ಬೇಡ, ಅದು ಮುಗಿಯುವುದಿಲ್ಲ. ಫಾಗ್ ಲ್ಯಾಂಪ್ ಹಳದಿ ಹಾಕಿಸಿ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ, ಬಿಳಿ ವಾಪಸ್ ಹೊಡೆಯುತ್ತದೆ. ಇಲ್ಲೇ ಹುಟ್ಟಿ ಬೆಳೆದವನು ಹೇಳುತ್ತಿದ್ದೇನೆ.

ಬೆಳಕಿನ_ಮೇಷ್ಟ್ರು
ಹಳದಿ ಹಾಕಿಸಿ, ಸರಿ. ಸೀಳುವುದು ಮಾತ್ರ ಸುಳ್ಳು. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಅದು ಹಳದಿ, ನೀಲಿ ಅಂತ ಭೇದ ಮಾಡದೆ ಎಲ್ಲವನ್ನೂ ಒಂದೇ ಥರ ಚದುರಿಸುತ್ತದೆ. ಹಾಗಿದ್ದೂ ಹಳದಿ ಹಿತ ಅನಿಸುವುದಕ್ಕೆ ಕಾರಣ ಕಣ್ಣಿನಲ್ಲಿದೆ. ನೀಲಿ ಅಂಶ ಇರುವ ಬೆಳಕು ಕಣ್ಣನ್ನು ಜಾಸ್ತಿ ಕುಕ್ಕುತ್ತದೆ. ಫ್ರಾನ್ಸ್‌ನಲ್ಲಿ 1930ರ ದಶಕದಿಂದ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕೆಂಬ ನಿಯಮ ಇತ್ತು, ಆಮೇಲೆ ಬಿಟ್ಟುಬಿಟ್ಟರು.

ಫಾಗ್ ಲ್ಯಾಂಪ್‌ನ ನಿಜವಾದ ಗುಣ ಬಣ್ಣದಲ್ಲಿಲ್ಲ, ಎತ್ತರದಲ್ಲಿದೆ. ಬಂಪರ್ ಕೆಳಗಿನಿಂದ ಅಗಲವಾಗಿ, ಮೇಲೆ ಒಂದಿಷ್ಟೂ ಏಳದ ಹಾಗೆ ಬೆಳಕು ಬೀಳಬೇಕು. ಆಗ ಬೆಳಗುವ ಮಂಜು ನಿಮ್ಮ ಕಣ್ಣಿನ ದಾರಿಗಿಂತ ಕೆಳಗೆ ಉಳಿಯುತ್ತದೆ. ಯುರೋಪಿನ ನಿಯಮದಲ್ಲಿ ಕಾರಿನ ಫಾಗ್ ಲ್ಯಾಂಪ್ ನೆಲದಿಂದ 25 ಸೆಂಟಿಮೀಟರ್‌ಗಿಂತ ಕೆಳಗಿರಬಾರದು, 80 ದಾಟಬಾರದು. ಜೀಪಿನ ತಲೆ ಮೇಲೆ ಸಾಲಾಗಿ ಕಟ್ಟಿದ್ದು ಫಾಗ್ ಲ್ಯಾಂಪ್ ಅಲ್ಲ, ಜಾತ್ರೆ.

ಮೂಡಿಗೆರೆ_ಎಸ್ಟೇಟ್
ಅಂತೂ ಹಳದಿಯೇ ಗೆದ್ದಿತು.

ರಿಲೇ_ಹಾಸನ
ಎಸ್ಟೇಟ್‌ನವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಮಳೆಯಲ್ಲಿ ರಸ್ತೆ ಕಪ್ಪಾಗುವುದಕ್ಕೆ ಲೈಟ್ ಕಾರಣವೇ ಅಲ್ಲ. ಒದ್ದೆ ಡಾಂಬರು ಕನ್ನಡಿಯಾಗುತ್ತದೆ, ನಿಮ್ಮ ಬೆಳಕು ಮುಂದಕ್ಕೆ ಜಾರಿ ಹೋಗುತ್ತದೆ, ನಿಮ್ಮ ಕಡೆ ತಿರುಗಿ ಬರುವುದಿಲ್ಲ. ಅದಕ್ಕೇ ಇಮ್ಮಡಿ ಬೆಳಕು ಹಾಕಿದರೂ ಇಮ್ಮಡಿ ಕಾಣುವುದಿಲ್ಲ, ಎದುರಿನವನಿಗೆ ಇಮ್ಮಡಿ ಹೊಡೆಯುತ್ತದೆ. ಆಗ ಕೈ ಹಿಡಿಯುವುದು ರಸ್ತೆಯ ಅಂಚು ತೋರಿಸುವ ಅಗಲ ಬೆಳಕು. ಹೊಸ ವೈಪರ್ ರಬ್ಬರ್ ಹಾಕಿಸಿ, ಮುಂದಿನ ಗಾಜಿನ ಒಳಭಾಗ ಒರೆಸಿ.

ಫೋಕಸ್ ಕೂಡ ಸೆಟ್ ಮಾಡಿಸಿ. ಸಮ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಟೈರ್‌ಗೆ ಸರಿಯಾಗಿ ಗಾಳಿ ಇರಲಿ, ಸೀಟಿನಲ್ಲಿ ಒಬ್ಬರು ಕೂತಿರಲಿ. ಬಲ್ಬ್‌ನ ಎತ್ತರಕ್ಕಿಂತ ಗೋಡೆ ಮೇಲಿನ ಗೆರೆ ಸುಮಾರು 10 ಸೆಂಟಿಮೀಟರ್ ಕೆಳಗೆ ಬರಬೇಕು. ಗೆರೆ ಎಡಗಡೆಗೆ ಸ್ವಲ್ಪ ಮೇಲೇಳಬೇಕು, ನಾವು ಎಡಕ್ಕೆ ಓಡಿಸುವವರು ತಾನೇ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ತಿರುಗಿಸುವ ಚಕ್ರ ಇದ್ದರೆ ಆಗ 0 ಇರಲಿ. ಹಿಂದೆ ಜನ, ಲಗೇಜು ತುಂಬಿದಾಗ ಮೇಲಿನ ನಂಬರ್‌ಗೆ ತಿರುಗಿಸಿದರೆ ಲೈಟ್ ಕೆಳಗಾಗುತ್ತದೆ. ಅದು ಏಸಿ ಅಂದುಕೊಂಡವರೂ ಇದ್ದಾರೆ.

ಹುಬ್ಬಳ್ಳಿ_ಬೈಪಾಸ್
ಪ್ರೊಜೆಕ್ಟರ್ ಹಾಕಿಸಿದರೆ ಹೇಗೆ? ಹೆಡ್‌ಲೈಟ್ ಬಿಚ್ಚಿ ಒಳಗೆ ಕೂರಿಸುತ್ತಾರಲ್ಲ.

ಬೆಳಕಿನ_ಮೇಷ್ಟ್ರು
ಒಳ್ಳೆಯ ಕೈ ಸಿಕ್ಕರೆ ಎಲ್‌ಇಡಿ ಬಲ್ಬ್‌ಗಿಂತ ಎಷ್ಟೋ ಮೇಲು. ಆದರೆ ತರಿಸಿದ ಪ್ರೊಜೆಕ್ಟರ್ ಅಮೆರಿಕದ ಥರ ಬಲಕ್ಕೆ ಓಡಿಸುವ ದೇಶದ್ದಾದರೆ ಅದರ ಗೆರೆ ಬಲಕ್ಕೆ ಏಳುತ್ತದೆ, ಸೀದಾ ಎದುರಿನವನ ಮುಖಕ್ಕೆ. ಕೊಳ್ಳುವಾಗ ಕೇಳಿ. ಅಂಟು ಬಿಡಿಸಲು ಹೆಡ್‌ಲೈಟನ್ನು ಓವನ್‌ನಲ್ಲಿ ಕಾಯಿಸುತ್ತಾರೆ. ಮತ್ತೆ ಮುಚ್ಚುವಾಗ ಬ್ಯುಟೈಲ್ ಅಂಟು ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ಒಳಗೆ ನೀರಿನ ಹನಿ. ಇದೂ 52ನೇ ಸೆಕ್ಷನ್ ಒಳಗೇ ಬರುತ್ತದೆ, ಲಾಯರ್ ಸಾಹೇಬರು ಹೇಳಿದ ಹಾಗೆ.

ಖಾಕಿ_ಅಲ್ಲ_ಕರಿಕೋಟು
ಬರುತ್ತದೆ. ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಬರುವ ಫಾಗ್ ಲ್ಯಾಂಪನ್ನು ಕಂಪನಿ ಆಕ್ಸೆಸರಿಯಾಗಿ ಹಾಕಿಸಿದರೆ ಯಾರೂ ತಕರಾರು ತೆಗೆದದ್ದು ನಾನು ಕಂಡಿಲ್ಲ. ಬಿಲ್ ಇಟ್ಟುಕೊಳ್ಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನಿಗೆ ಐಎಂಟಿ 24 ಎಂಬ ಸೇರ್ಪಡೆ ಇದೆ, ಸಾಮಾನಿನ ಬೆಲೆಯ 4 ಪರ್ಸೆಂಟ್ ಪ್ರೀಮಿಯಂ. ವೈರ್ ಕತ್ತರಿಸಿ ಟೇಪ್ ಸುತ್ತಿದ ಗಾಡಿಗೆ ಬೆಂಕಿ ಬಿದ್ದರೆ ಸರ್ವೇಯರ್ ಮೊದಲು ನೋಡುವುದೇ ಆ ಟೇಪ್.

ಉಜಿರೆ_ಬೆಂಗಳೂರು
ಎಲ್ಲರಿಗೂ ಥ್ಯಾಂಕ್ಸ್. ಪಕ್ಕದ ಮನೆಯವರ ಮೀಟರ್ ತಂದು ನೋಡಿದೆ. ಬ್ಯಾಟರಿಯಲ್ಲಿ 13.9, ಎಡ ಹೋಲ್ಡರ್‌ನಲ್ಲಿ 12.6, ಬಲದಲ್ಲಿ 12.2. ಕಣ್ಣಾಡಿ ಮೇಲ್ಭಾಗ ಮಬ್ಬಾಗಿದೆ, ಬೆರಳಿಗೇ ಒರಟು ಗೊತ್ತಾಗುತ್ತದೆ. ಎಲ್‌ಇಡಿ ಬಿಟ್ಟೆ. ಪಾಲಿಶ್, ರಿಲೇ ಕಿಟ್, ಹ್ಯಾಲೊಜೆನ್ ಫಾಗ್, ಇಷ್ಟು ಮಾಡಿಸುತ್ತೇನೆ. ಫಾಗ್ ವೈರಿಂಗ್ ಬಗ್ಗೆ ಸ್ವಲ್ಪ ಹೇಳಿ.

ರಿಲೇ_ಹಾಸನ
12.2 ಅಂದರೆ ಬಲಗಡೆ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಹೋಗುತ್ತಿದೆ. ಕಿಟ್ ಹಾಕುವ ಮೊದಲು ಆ ಬದಿಯ ಅರ್ಥ್ ಬೋಲ್ಟ್ ಬಿಚ್ಚಿ ಕೆರೆದು ಬಿಗಿ ಮಾಡಿಸಿ. ಕಿಟ್ ತರುವಾಗ ನಿಮ್ಮ ಕಾರಿನಲ್ಲಿ ಸ್ವಿಚ್ ಪಾಸಿಟಿವ್ ಕಡೆ ಇದೆಯೋ ನೆಗೆಟಿವ್ ಕಡೆಯೋ ನೋಡಿಸಿಕೊಳ್ಳಿ. ಜಪಾನಿ ಮೂಲದ ಎಷ್ಟೋ ಕಾರುಗಳಲ್ಲಿ ನೆಗೆಟಿವ್ ಕಡೆ ಇರುತ್ತದೆ, ಸಾದಾ ಕಿಟ್ ಹಾಕಿದರೆ ಕೆಲಸ ಮಾಡುವುದಿಲ್ಲ.

ಫಾಗ್‌ಗೆ ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರ್ ಪಿನ್‌ಗೆ. 87ರಿಂದ ಎರಡೂ ಲ್ಯಾಂಪ್‌ಗೆ. 85, 86ರಲ್ಲಿ ಒಂದು ಅರ್ಥ್‌ಗೆ, ಇನ್ನೊಂದು ಪಾರ್ಕಿಂಗ್ ಲೈಟ್ ಸಪ್ಲೈನಿಂದ ಸ್ವಿಚ್ ಮೂಲಕ. ಆಗ ಲೈಟ್ ಆಫ್ ಮಾಡಿದರೆ ಫಾಗ್ ಕೂಡ ಆಫ್, ಮರೆತು ಬ್ಯಾಟರಿ ಇಳಿಯುವುದಿಲ್ಲ. ಆದರೆ ಇಷ್ಟೆಲ್ಲ ಬೇಕಾಗದೆಯೂ ಇರಬಹುದು. ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್ ಸರಿಸಿ, ಮುಚ್ಚಳದ ಹಿಂದೆ ಕೈ ಹಾಕಿ. ಲ್ಯಾಂಪ್‌ಗೆ ಸಿಕ್ಕಿಸುವ ವೈರ್ ಕಪ್ಲರ್ ಇದೆಯಾ?

ಉಜಿರೆ_ಬೆಂಗಳೂರು
ಇದೆ! ಎರಡೂ ಬದಿ ಇದೆ, ಟೇಪ್ ಸುತ್ತಿ ಮೇಲೆ ಕಟ್ಟಿದ್ದಾರೆ. ಫ್ಯೂಸ್ ಬಾಕ್ಸ್ ಮುಚ್ಚಳದ ಮೇಲೆ ಫಾಗ್ ಚಿತ್ರ ಇರುವ ಜಾಗದಲ್ಲಿ ಫ್ಯೂಸ್ ಇದೆ, ರಿಲೇ ಇಲ್ಲ.

ಜಯನಗರ_ಗೇರ್
ನೋಡಿ, ಕಂಪನಿಯವರು ವೈರ್ ಎಳೆದು ಲ್ಯಾಂಪ್ ಮಾತ್ರ ಕೊಟ್ಟಿಲ್ಲ. ಮೇಲಿನ ಮಾಡೆಲ್ ಮಾರಬೇಕಲ್ಲ.

ರಿಲೇ_ಹಾಸನ
ಹಾಗಾದರೆ ಹೊಸ ವೈರ್ ಎಳೆಯಬೇಡಿ. ಕಂಪನಿ ರಿಲೇ, ಎರಡು ಲ್ಯಾಂಪ್, ಬಂಪರ್ ಮುಚ್ಚಳ, ಮತ್ತೆ ಫಾಗ್ ಇರುವ ಇಂಡಿಕೇಟರ್ ಕಡ್ಡಿ ಸ್ವಿಚ್, ಇಷ್ಟು ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟು ತರಿಸಿ. ಕಡ್ಡಿ ಬದಲಿಸುವಾಗ ಬ್ಯಾಟರಿ ನೆಗೆಟಿವ್ ತೆಗೆದು ಒಂದಷ್ಟು ನಿಮಿಷ ಬಿಟ್ಟೇ ಕೈ ಹಾಕಬೇಕು, ಪಕ್ಕದಲ್ಲೇ ಏರ್‌ಬ್ಯಾಗ್ ವೈರ್ ಇರುತ್ತದೆ. ಕೆಲವು ಗಾಡಿಯಲ್ಲಿ ಸ್ಟೇರಿಂಗ್ ಬಿಚ್ಚಲೇಬೇಕು, ಕೆಲವರದ್ದು ಹಾಗೇ ಜಾರಿ ಬರುತ್ತದೆ. ಮಾಡೆಲ್, ಇಸವಿ ಹೇಳಿ, ನೋಡಿ ಹೇಳುತ್ತೇನೆ.

ಉಜಿರೆ_ಬೆಂಗಳೂರು
ಆರ್‌ಸಿ ಫೋಟೋ ಇಲ್ಲಿ ಹಾಕುವುದು ಬೇಡ, ಮಾಡೆಲ್ ಮೆಸೇಜ್ ಮಾಡುತ್ತೇನೆ ಸಾರ್. ಹಾಸನ ದಾಟಿಯೇ ಹೋಗುವುದು, ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೀರಿ?

ರಿಲೇ_ಹಾಸನ
ಎಂಟೂವರೆವರೆಗೆ. ಶುಕ್ರವಾರ ಬೇಡ, ಊರಿಂದ ವಾಪಸ್ ಬರುವಾಗ ಹಗಲಲ್ಲಿ ಬನ್ನಿ. ಸ್ಟೇರಿಂಗ್ ಬಿಚ್ಚಬೇಕಾಗಿ ಬಂದರೆ ಎರಡು ಗಂಟೆ ಹಿಡಿಯುತ್ತದೆ.